ಉಸಿರು ಸರಾಗವಾಗಿರುವ ದಿನದ ಔಷಧಿ

ಆಸ್ತಮಾ ಇರುವ ಮನೆಯ ಔಷಧಿ ಡ್ರಾಯರ್ ತೆಗೆದರೆ ಎರಡು ಪಂಪು, ಅಂದರೆ ಇನ್ಹೇಲರ್, ಕಾಣುತ್ತವೆ. ಒಂದು ಬೇಗ ಬೇಗ ಖಾಲಿಯಾಗುತ್ತದೆ. ಅದು ಮುಗಿಯುವ ಮೊದಲೇ ಹೊಸದು ಬಂದಿರುತ್ತದೆ. ಇನ್ನೊಂದು ಎಷ್ಟೋ ತಿಂಗಳ ಹಿಂದೆ ತಂದದ್ದು, ಮುಕ್ಕಾಲು ತುಂಬಿಕೊಂಡೇ ಮೂಲೆಯಲ್ಲಿ ಬಿದ್ದಿರುತ್ತದೆ. ಮೊದಲನೆಯದು ದಮ್ಮು ಹತ್ತಿದಾಗ ಎಳೆಯುವುದು. ಎರಡನೆಯದು ದಮ್ಮು ಹತ್ತದಿರಲಿ ಅಂತ ದಿನಾ ಎಳೆಯಬೇಕಾದದ್ದು. ಖಾಲಿಯಾಗಬೇಕಾದದ್ದು ಈ ಎರಡನೆಯದು. ನಡೆಯುವುದು ಉಲ್ಟಾ.

ನಮ್ಮ ಮನೆಯಲ್ಲೂ ಬಹಳ ಕಾಲ ಹೀಗೇ ಇತ್ತು. ಮಗುವಿನ ಮೇಲೆ ಅಕ್ಕರೆ ಕಡಿಮೆಯಿತ್ತು ಅಂತಲ್ಲ. ಕಾಯಿಲೆ ಎಂದರೆ ಏನು ಅನ್ನುವುದನ್ನೇ ತಪ್ಪು ತಿಳಿದಿದ್ದೆವು. ಉಬ್ಬಸ ಬಂದರೆ ಆಸ್ತಮಾ ಬಂತು, ಉಬ್ಬಸ ಹೋದರೆ ಆಸ್ತಮಾ ಹೋಯಿತು ಅಂದುಕೊಂಡಿದ್ದೆವು. ಉಬ್ಬಸ ಹೋದಮೇಲೂ ಅದು ಒಳಗೇ ಇರುತ್ತದೆ. ಅದು ಹೇಗೆ ಅಂತ ಬುಡದಿಂದ ನೋಡೋಣ. ಎಲ್ಲ ಆಸ್ತಮಾಕ್ಕೂ ಅಲರ್ಜಿ ಕಾರಣವಲ್ಲ, ನಿಜ. ಆದರೆ ಮಕ್ಕಳಲ್ಲಿ ಬಹುತೇಕ ಎರಡೂ ಜೊತೆಜೊತೆಯಾಗೇ ಬರುತ್ತವೆ. ಆದ್ದರಿಂದ ಅಲರ್ಜಿಯಿಂದಲೇ ಶುರು ಮಾಡುತ್ತೇನೆ.

ಬಾಗಿಲಿಗೆ ಅಂಟಿಸಿದ ಫೋಟೋ

ಅಲರ್ಜಿ ಅನ್ನುವ ಪದ ಹುಟ್ಟಿದ್ದು 1906ರಲ್ಲಿ. ಹುಟ್ಟಿಸಿದವರು ವಿಯೆನ್ನಾದ ಮಕ್ಕಳ ಡಾಕ್ಟರ್ ಕ್ಲೆಮೆನ್ಸ್ ಫಾನ್ ಪಿರ್ಕೆ. ಒಮ್ಮೆ ಸೀರಮ್ ಇಂಜೆಕ್ಷನ್ ಪಡೆದ ಮಕ್ಕಳಿಗೆ ಎರಡನೆಯ ಸಲ ಅದನ್ನೇ ಕೊಟ್ಟರೆ ಕೆಲವರಿಗೆ ಬೇಗನೆ, ಜೋರಾಗಿ ತೊಂದರೆಯಾಗುತ್ತಿತ್ತು. ಅಂದರೆ ಮೊದಲ ಭೇಟಿ ಮೈಯನ್ನು ಬದಲಾಯಿಸಿರುತ್ತಿತ್ತು. ಗ್ರೀಕ್ ಭಾಷೆಯ 'ಬೇರೆ' ಮತ್ತು 'ಕೆಲಸ' ಅನ್ನುವ ಎರಡು ಮಾತು ಸೇರಿಸಿ ಅವರು ಹೊಸ ಹೆಸರು ಕಟ್ಟಿದರು.

ಈ 'ಮೊದಲ ಭೇಟಿ' ಅನ್ನುವುದೇ ಇಲ್ಲಿ ಮುಖ್ಯ. ನಮ್ಮ ರೋಗನಿರೋಧಕ ವ್ಯವಸ್ಥೆ ಯಾವುದೋ ಬಡಪಾಯಿ ವಸ್ತುವನ್ನು ಕಳ್ಳ ಅಂತ ತಪ್ಪು ತಿಳಿಯುತ್ತದೆ. ಹೂವಿನ ಪರಾಗವೋ, ಧೂಳಿನ ಕಣವೋ, ಮೊಟ್ಟೆಯ ಪ್ರೋಟೀನೋ. ಕೂಡಲೇ ಅದರ ಫೋಟೋ ತೆಗೆದು ಪ್ರತಿ ಬಾಗಿಲಿಗೂ ಅಂಟಿಸುತ್ತದೆ. ಆ ಫೋಟೋ ಅಂದರೆ ಐಜಿಇ ಅನ್ನುವ ಪ್ರತಿಕಾಯ. ಬಾಗಿಲು ಅಂದರೆ ಮಾಸ್ಟ್ ಕೋಶಗಳು. ಮೂಗು, ಕಣ್ಣು, ಚರ್ಮ, ಕರುಳು, ಶ್ವಾಸನಾಳ, ಹೊರಗಿನ ಜಗತ್ತು ಎಲ್ಲೆಲ್ಲಿ ಮೈಗೆ ತಾಗುತ್ತದೋ ಅಲ್ಲೆಲ್ಲ ಇವು ಕೂತಿರುತ್ತವೆ. ಹೊಟ್ಟೆಯೊಳಗೆ ಹಿಸ್ಟಮಿನ್ ಮುಂತಾದ ರಾಸಾಯನಿಕಗಳ ಚೀಲ ತುಂಬಿಕೊಂಡಿರುತ್ತವೆ. ಮುಂದಿನ ಸಲ ಅದೇ ವಸ್ತು ಬಂದಾಗ ಫೋಟೋಗೆ ಮುಖ ಹೊಂದುತ್ತದೆ. ಚೀಲ ಒಡೆಯುತ್ತದೆ. ನಿಮಿಷಗಳಲ್ಲಿ ಸೀನು, ತುರಿಕೆ, ಗಂದೆ, ಊತ.

"ಇಷ್ಟು ವರ್ಷ ಏನೂ ಆಗಿರಲಿಲ್ಲ, ಈಗ ಹೇಗೆ ಅಲರ್ಜಿ ಆಗುತ್ತೆ?" ಅಂತ ಎಲ್ಲರೂ ಕೇಳುತ್ತಾರೆ. ಉತ್ತರ ಇದೇ. ಫೋಟೋ ಅಂಟಿಸುವ ಕೆಲಸ ಸದ್ದಿಲ್ಲದೆ ನಡೆಯುತ್ತದೆ. ಅದಕ್ಕೆ ತಿಂಗಳು ಹಿಡಿಯಬಹುದು, ವರ್ಷಗಳೂ ಹಿಡಿಯಬಹುದು. ಈ ಐಜಿಇ ಪತ್ತೆಯಾಗಿದ್ದು 1960ರ ದಶಕದ ನಡುವಿನಲ್ಲಿ. ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಜಪಾನಿನ ಇಷಿಜಾಕಾ ದಂಪತಿ ಒಂದು ಕಡೆ, ಸ್ವೀಡನ್‌ನ ಸಂಶೋಧಕರು ಇನ್ನೊಂದು ಕಡೆ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹಿಡಿದರು.

ಹಾಗಾದರೆ ಒಂದೇ ಮನೆಯಲ್ಲಿ ಇಷ್ಟು ಜನಕ್ಕೆ ಯಾಕೆ? ಈ ತಪ್ಪು ತಿಳಿಯುವ ಚಾಳಿ ವಂಶದಲ್ಲಿ ಬರುತ್ತದೆ. ಆದರೆ ಯಾವ ವಸ್ತುವಿಗೆ ಅಲರ್ಜಿ, ಮೈಯ ಯಾವ ಭಾಗದಲ್ಲಿ ಅನ್ನುವುದು ಹಾಗೇ ಬರುವುದಿಲ್ಲ. ಅಮ್ಮನಿಗೆ ಬೆಳಗಾದರೆ ಹತ್ತಿಪ್ಪತ್ತು ಸೀನು. ದೊಡ್ಡ ಮಗನ ಮೊಣಕೈ ಮಡಿಕೆಯಲ್ಲಿ ಒಣ ತುರಿಕೆ. ಚಿಕ್ಕವಳಿಗೆ ರಾತ್ರಿ ಕೆಮ್ಮು. ಮೂವರೂ ಮೂರು ಬೇರೆ ಡಾಕ್ಟರ್ ಹತ್ತಿರ ಹೋಗುತ್ತಿರುತ್ತಾರೆ. ಮೂರೂ ಒಂದೇ ಬೇರಿನ ಚಿಗುರು ಅಂತ ಯಾರಿಗೂ ಹೊಳೆದಿರುವುದಿಲ್ಲ. ಒಬ್ಬರಲ್ಲೇ ಇವು ಸಾಲಾಗಿ ಬರುವುದೂ ಉಂಟು. ಎಳೆಗೂಸಿಗೆ ಚರ್ಮದ ಎಕ್ಸಿಮಾ, ಆಮೇಲೆ ಆಹಾರದ ಅಲರ್ಜಿ, ಶಾಲೆಗೆ ಹೋಗುವ ಹೊತ್ತಿಗೆ ಮೂಗು ಸೋರುವುದು, ನಂತರ ಆಸ್ತಮಾ. ಎಲ್ಲರಿಗೂ ಎಲ್ಲ ಹಂತವೂ ಬರುವುದಿಲ್ಲ. ಆದರೆ ಡಾಕ್ಟರ್ ಹತ್ತಿರ ಹೋದಾಗ "ಮನೆಯಲ್ಲಿ ಯಾರಿಗಾದರೂ ಆಸ್ತಮಾ ಇದೆಯಾ" ಅಂದರೆ ಬರೀ ಆಸ್ತಮಾ ನೆನೆಯಬೇಡಿ. ಸೀನು, ಗಂದೆ, ಎಕ್ಸಿಮಾ ಎಲ್ಲ ಹೇಳಿ.

ಕೊಳವೆಯೊಳಗೆ ನಡೆಯುವ ಮೂರು ಸಂಗತಿ

ಈಗ ಶ್ವಾಸನಾಳಕ್ಕೆ ಬರೋಣ. ಇದು ಮರದ ಹಾಗೆ ಕವಲೊಡೆದು ಕವಲೊಡೆದು ಕೊನೆಗೆ ದಾರದಷ್ಟು ಸಣ್ಣದಾಗುತ್ತದೆ. ಆಸ್ತಮಾ ಕೆರಳಿದಾಗ ಅದರಲ್ಲಿ ಮೂರು ಸಂಗತಿ ನಡೆಯುತ್ತವೆ. ಕೊಳವೆಯ ಸುತ್ತ ಇರುವ ಸ್ನಾಯು ಬಿಗಿಯುತ್ತದೆ. ಒಳಗೋಡೆ ಊದುತ್ತದೆ. ಅಂಟು ಕಫ ಜಾಸ್ತಿಯಾಗಿ ದಾರಿ ಕಟ್ಟುತ್ತದೆ. ಸುಯ್ ಸುಯ್ ಅನ್ನುವ ಸಿಳ್ಳೆ ಕೇಳುವುದು ಆ ಕಿರಿದಾದ ದಾರಿಯಲ್ಲಿ ಗಾಳಿ ನುಸುಳುವಾಗ.

ದಮ್ಮಿನ ಪಂಪು, ಅಂದರೆ ಸಾಲ್ಬುಟಮಾಲ್, ಈ ಮೂರರಲ್ಲಿ ಒಂದನ್ನು ಮಾತ್ರ ಸರಿ ಮಾಡುತ್ತದೆ. ಸ್ನಾಯು ಸಡಿಲಿಸುತ್ತದೆ. ಐದು ನಿಮಿಷದಲ್ಲಿ ಎದೆ ಹಗುರ. ಅಷ್ಟರಲ್ಲಿ ನಮಗೆ ಕಾಯಿಲೆ ಹೋಯಿತು ಅನ್ನಿಸುತ್ತದೆ. ಊತ ಹಾಗೇ ಇರುತ್ತದೆ. ಕಫ ಹಾಗೇ ಇರುತ್ತದೆ. ನಾಲ್ಕರಿಂದ ಆರು ಗಂಟೆಯಲ್ಲಿ ಔಷಧಿಯ ಪ್ರಭಾವ ಇಳಿದಾಗ ಮತ್ತೆ ಬಿಗಿತ. ಮತ್ತೆ ಪಂಪು. ಹೀಗೆ ಪಂಪು ಎಳೆಯುತ್ತಾ ಊತವನ್ನು ಬೆಳೆಯಲು ಬಿಟ್ಟವರು ಒಂದು ದಿನ ಪಂಪು ಕೆಲಸ ಮಾಡದ ಹಂತಕ್ಕೆ ಬಂದು ನಿಲ್ಲುತ್ತಾರೆ. ಯಾಕೆಂದರೆ ಆಗ ದಾರಿ ಕಟ್ಟಿರುವುದು ಬರೀ ಸ್ನಾಯುವಿನಿಂದಲ್ಲ.

ಊತ ಅನ್ನುವುದು ಉಬ್ಬಸ ಇಲ್ಲದ ದಿನವೂ ಇರುತ್ತದೆ. ಬೂದಿ ಮುಚ್ಚಿದ ಕೆಂಡ ನೆನೆಸಿಕೊಳ್ಳಿ. ಮೇಲೆ ಹೊಗೆಯಿಲ್ಲ, ಒಳಗೆ ಬಿಸಿ ಇದೆ. ಒಂದು ನೆಗಡಿ ಬಂದರೆ ಸಾಕು, ಗಾಳಿ ಊದಿದ ಹಾಗೆ. ಕೆಂಡವನ್ನೇ ಆರಿಸುವುದು ದಿನಾ ಎಳೆಯುವ ಪಂಪು. ಅದರಲ್ಲಿ ಇರುವುದು ಸ್ಟೀರಾಯ್ಡ್. ಅದು ಐದು ನಿಮಿಷದಲ್ಲಿ ಏನೂ ತೋರಿಸುವುದಿಲ್ಲ. ದಿನಗಳು, ವಾರಗಳು ಬೇಕು. ಎಳೆದರೂ ಏನೂ ಗೊತ್ತಾಗುವುದಿಲ್ಲ, ಬಿಟ್ಟರೂ ಕೂಡಲೇ ಏನೂ ಗೊತ್ತಾಗುವುದಿಲ್ಲ. ಮನುಷ್ಯರು ಬಿಡುವುದು ಇಂಥ ಔಷಧಿಯನ್ನೇ ಅಲ್ವಾ?

ಇದು ಬರೀ ನಮ್ಮಂಥವರ ತಪ್ಪೂ ಅಲ್ಲ. ದಶಕಗಳ ಕಾಲ ಸೌಮ್ಯ ಆಸ್ತಮಾಕ್ಕೆ ಡಾಕ್ಟರುಗಳೇ ಬರೀ ದಮ್ಮಿನ ಪಂಪು ಬರೆದು ಕೊಡುತ್ತಿದ್ದರು. ಆಸ್ತಮಾ ಚಿಕಿತ್ಸೆಗೆ ಜಗತ್ತಿನಾದ್ಯಂತ ಮಾರ್ಗಸೂಚಿ ಕೊಡುವ ಜೀನಾ ಸಂಸ್ಥೆ 2019ರಲ್ಲಿ ಈ ಪದ್ಧತಿ ಕೈಬಿಟ್ಟಿತು. ಹದಿಹರೆಯದವರಿಗೂ ದೊಡ್ಡವರಿಗೂ ಬರೀ ದಮ್ಮಿನ ಪಂಪಿನಿಂದ ಚಿಕಿತ್ಸೆ ಬೇಡ, ಆಸ್ತಮಾ ಎಷ್ಟೇ ಹಗುರವಾಗಿದ್ದರೂ ಜೊತೆಗೆ ಸ್ಟೀರಾಯ್ಡ್ ಇರಲಿ ಅಂದಿತು. ಸ್ಟೀರಾಯ್ಡ್ ಮತ್ತು ಸ್ನಾಯು ಸಡಿಲಿಸುವ ಫಾರ್ಮೋಟೆರಾಲ್ ಎರಡೂ ಒಂದೇ ಪಂಪಿನಲ್ಲಿರುವ ಔಷಧಿಯನ್ನು ಈಗ ಬಹಳ ಜನರಿಗೆ ದಮ್ಮು ಬಂದಾಗಲೂ ಕೊಡುತ್ತಾರೆ. ಒಂದೇ ಎಳೆತಕ್ಕೆ ಬಿಗಿತಕ್ಕೂ ಊತಕ್ಕೂ ಮದ್ದು. ನಿಮ್ಮ ಹಳೆಯ ಚೀಟಿ ಬರೆದು ಹಲವು ವರ್ಷ ಆಗಿದ್ದರೆ ಇದನ್ನು ಒಮ್ಮೆ ಡಾಕ್ಟರ್ ಹತ್ತಿರ ಕೇಳಿ.

ಸ್ಟೀರಾಯ್ಡ್ ಅಂದ ಕೂಡಲೇ

ಸ್ಟೀರಾಯ್ಡ್ ಅನ್ನುವ ಮಾತು ಕಿವಿಗೆ ಬಿದ್ದರೆ ಮನೆಯ ಹಿರಿಯರ ಮುಖ ಬಾಡುತ್ತದೆ. ಭಯ ಪೂರ್ತಿ ಸುಳ್ಳಲ್ಲ. ಆದ್ದರಿಂದ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಮಗುವಿನ ದಿನದ ಪಂಪಿನ ಡೋಸ್ 200 ಮೈಕ್ರೋಗ್ರಾಂ ಅಂದುಕೊಳ್ಳಿ. ಅದೇ ಮಗು ಪಂಪು ಬಿಟ್ಟು, ಜೋರು ದಮ್ಮು ಬಂದು ಆಸ್ಪತ್ರೆಗೆ ಹೋದರೆ ಮಾತ್ರೆಯಲ್ಲೋ ಸಿರಪ್‌ನಲ್ಲೋ ಸ್ಟೀರಾಯ್ಡ್ ಕೊಡುತ್ತಾರೆ. 20 ಕೆಜಿ ತೂಕದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ ಅಂದರೆ ಕಡಿಮೆ ಕಡೆಯ ಲೆಕ್ಕ. 20 ಮಿಲಿಗ್ರಾಂ ಅಂದರೆ 20,000 ಮೈಕ್ರೋಗ್ರಾಂ. ತೂಕದಲ್ಲಿ ಪಂಪಿನ ನೂರು ದಿನದ ಔಷಧಿ ಒಂದೇ ದಿನ ಹೊಟ್ಟೆಗೆ ಹೋಯಿತು. ಎರಡು ಔಷಧಿಯ ಶಕ್ತಿ ಒಂದೇ ಅಲ್ಲ, ಆದ್ದರಿಂದ ಇದು ತಕ್ಕಡಿಯಲ್ಲಿಟ್ಟ ಹೋಲಿಕೆಯಲ್ಲ. ಆದರೆ ಮಾತ್ರೆ ರಕ್ತದ ಮೂಲಕ ಮೈಯೆಲ್ಲ ಸುತ್ತುತ್ತದೆ, ಪಂಪಿನದು ಬೇಕಾದಲ್ಲಿಗೆ ನೇರ ಹೋಗುತ್ತದೆ. ದಿನದ ಪಂಪಿಗೆ ಹೆದರಿ ಅದನ್ನು ಬಿಟ್ಟವರು ಕೊನೆಗೆ ಸ್ಟೀರಾಯ್ಡ್ ತೆಗೆದುಕೊಳ್ಳುವುದು ಕಡಿಮೆಯಲ್ಲ, ಜಾಸ್ತಿ.

ಎತ್ತರದ ಮಾತು? ಅದನ್ನೂ ಅಳೆದಿದ್ದಾರೆ. ಅಮೆರಿಕದಲ್ಲಿ ನಾಲ್ಕರಿಂದ ಆರು ವರ್ಷ ದಿನಾ ಬ್ಯೂಡೆಸೊನೈಡ್ ಅನ್ನುವ ಸ್ಟೀರಾಯ್ಡ್ ಎಳೆದ ಮಕ್ಕಳನ್ನು ದೊಡ್ಡವರಾಗುವವರೆಗೂ ಗಮನಿಸಿದರು. 2012ರಲ್ಲಿ ಫಲಿತಾಂಶ ಬಂತು. ಪಂಪು ಎಳೆಯದವರಿಗಿಂತ ಅವರು ಸರಾಸರಿ 1.2 ಸೆಂಟಿಮೀಟರ್ ಕುಳ್ಳಗಿದ್ದರು. ಅಷ್ಟೇ. ಅದೂ ಇಲ್ಲ ಅಂತ ಹೇಳುವುದು ಸುಳ್ಳಾಗುತ್ತದೆ. ನನ್ನ ಮಟ್ಟಿಗೆ, ರಾತ್ರಿ ನಿದ್ದೆ ಬರುವ ಮಗುವಿಗಾಗಿ ಒಂದು ಬೆರಳಗಲ ಬಿಟ್ಟುಕೊಡಲು ನಾನು ತಯಾರು. ಡೋಸ್ ಕಡಿಮೆ ಮಾಡುವುದಕ್ಕೂ ದಾರಿ ಇದೆ. ಮೂರು ತಿಂಗಳು ಎಲ್ಲ ಸರಿಯಿದ್ದರೆ ಡಾಕ್ಟರ್ ಒಂದು ಮೆಟ್ಟಿಲು ಇಳಿಸಬಹುದು. ಇಳಿಸಬೇಕಾದದ್ದು ಅವರು, ನಾವು ಸುಮ್ನೆ ಮರೆಯುವುದಲ್ಲ.

"ಪಂಪು ಅಭ್ಯಾಸ ಆಗಿಬಿಡುತ್ತೆ" ಅನ್ನುವವರಿಗೆ ಉತ್ತರ: ಅದು ಚಟ ಹತ್ತಿಸುವ ಔಷಧಿಯಲ್ಲ. ಬಿಟ್ಟಾಗ ಮತ್ತೆ ದಮ್ಮು ಬರುವುದು ಕಾಯಿಲೆ ಇನ್ನೂ ಇರುವುದರಿಂದ.

ಎಳೆಯುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ

ಪಂಪು ಹುಟ್ಟಿದ ಕಥೆ ನನಗೆ ಇಷ್ಟ. 1950ರ ದಶಕದಲ್ಲಿ ಅಮೆರಿಕದ ಔಷಧಿ ಕಂಪನಿಯೊಂದರ ಮುಖ್ಯಸ್ಥರ 13 ವರ್ಷದ ಮಗಳಿಗೆ ಆಸ್ತಮಾ. ಆಗ ಗಾಜಿನ ನೆಬ್ಯುಲೈಸರಿಗೆ ಔಷಧಿ ಹಾಕಿ, ರಬ್ಬರ್ ಬುರುಡೆ ಹಿಸುಕಿ ಎಳೆಯಬೇಕಿತ್ತು. "ಕೂದಲಿಗೆ ಹಾಕುವ ಸ್ಪ್ರೇ ಹಾಗೆ ಇದನ್ನೂ ಡಬ್ಬಿಯಲ್ಲಿ ಯಾಕೆ ಮಾಡಲ್ಲ?" ಅಂತ ಆ ಹುಡುಗಿ ಅಪ್ಪನನ್ನು ಕೇಳಿದಳಂತೆ. 1956ರಲ್ಲಿ ಮೊದಲ ಪಂಪು ಮಾರುಕಟ್ಟೆಗೆ ಬಂತು.

ಕಲ್ಪನೆ ಸರಳ, ಬಳಸುವುದು ಅಷ್ಟು ಸರಳವಲ್ಲ. ನಮಗೆ ಪಂಪು ಬರೆದುಕೊಟ್ಟ ಮೊದಲ ಡಾಕ್ಟರ್ ಎಳೆಯುವುದು ಹೇಗೆ ಅಂತ ತೋರಿಸಲಿಲ್ಲ. ನಾವೂ ಕೇಳಲಿಲ್ಲ. ತಿಂಗಳುಗಟ್ಟಲೆ ಔಷಧಿ ನಾಲಿಗೆಗೆ, ಗಂಟಲಿಗೆ ಬೀಳುತ್ತಿತ್ತು. ಎದೆಗೆ ಹೋಗಿದ್ದು ಅಷ್ಟರಲ್ಲೇ.

ಸರಿಯಾದ ಕ್ರಮ ಹೀಗೆ. ಪಂಪು ಚೆನ್ನಾಗಿ ಅಲುಗಿಸಿ. ಉಸಿರು ಪೂರ್ತಿ ಹೊರಗೆ ಬಿಡಿ. ತುಟಿ ಬಿಗಿಯಾಗಿ ಮುಚ್ಚಿ. ನಿಧಾನವಾಗಿ ಒಳಗೆಳೆಯಲು ಶುರು ಮಾಡಿದ ಕೂಡಲೇ ಒತ್ತಿ. ಎಳೆಯುತ್ತಲೇ ಹೋಗಿ. ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ. ಎರಡನೆಯ ಸಲಕ್ಕೆ ಮೊದಲು ಅರ್ಧ ನಿಮಿಷ ಬಿಡಿ. ಪುಡಿ ಔಷಧಿಯ ಪಂಪು ಬೇರೆ ಜಾತಿ. ಅದನ್ನು ಜೋರಾಗಿ, ರಭಸದಿಂದ ಎಳೆಯಬೇಕು. ಅದರೊಳಗೆ ಊದಬಾರದು, ಪುಡಿ ಒದ್ದೆಯಾಗುತ್ತದೆ. ಮನೆಯಲ್ಲಿ ಇಬ್ಬರಿಗೆ ಎರಡು ಜಾತಿಯ ಪಂಪಿದ್ದರೆ ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿಯುವುದು ಅಪಾಯ.

ಒತ್ತುವುದು, ಎಳೆಯುವುದು ಒಟ್ಟಿಗೆ ಹೊಂದದಿದ್ದರೆ ಸ್ಪೇಸರ್ ಬಳಸಿ. ಅದು ಪಂಪಿಗೆ ಸಿಕ್ಕಿಸುವ ಒಂದು ಪ್ಲಾಸ್ಟಿಕ್ ಕೊಳವೆ, ಅಷ್ಟೇ. ಔಷಧಿ ಅದರೊಳಗೆ ನಿಲ್ಲುತ್ತದೆ, ಮಗು ಆರಾಮಾಗಿ ನಾಲ್ಕೈದು ಉಸಿರು ತೆಗೆದುಕೊಳ್ಳುತ್ತದೆ. ಪುಟ್ಟ ಮಕ್ಕಳಿಗೆ ಮಾಸ್ಕ್ ಜೊತೆ ಸಿಗುತ್ತದೆ. ಸ್ಪೇಸರ್ ಮಕ್ಕಳಿಗೆ ಮಾತ್ರ ಅನ್ನುವುದು ತಪ್ಪು, ದೊಡ್ಡವರಿಗೂ ಅದು ಒಳ್ಳೆಯದೇ. ತೊಳೆದಮೇಲೆ ಬಟ್ಟೆಯಿಂದ ಒರೆಸಬೇಡಿ. ಉಜ್ಜಿದರೆ ಪ್ಲಾಸ್ಟಿಕ್‌ನಲ್ಲಿ ವಿದ್ಯುತ್ ಹುಟ್ಟಿ ಔಷಧಿ ಗೋಡೆಗೆ ಅಂಟಿಕೊಳ್ಳುತ್ತದೆ. ಗಾಳಿಗೆ ಒಣಗಲಿ.

ಸ್ಟೀರಾಯ್ಡ್ ಪಂಪು ಎಳೆದಮೇಲೆ ಬಾಯಿ ಮುಕ್ಕಳಿಸಬೇಕು. ಇಲ್ಲದಿದ್ದರೆ ನಾಲಿಗೆಯಲ್ಲಿ ಬಿಳಿ ಶಿಲೀಂಧ್ರ ಬೆಳೆಯಬಹುದು, ದನಿ ಒಡೆಯಬಹುದು. ನಾವು ಆ ಪಂಪನ್ನು ಟೂತ್ ಬ್ರಷ್ ಪಕ್ಕ ಇಟ್ಟೆವು. ಮೊದಲು ಪಂಪು, ಆಮೇಲೆ ಹಲ್ಲುಜ್ಜುವುದು. ಮರೆಯುವುದೂ ನಿಂತಿತು, ಮುಕ್ಕಳಿಸುವುದೂ ತಾನಾಗಿಯೇ ಆಯಿತು.

ಬರೀ ಮೂಗು ಅಂತ ಬಿಡಬೇಡಿ

2016ರ ನವೆಂಬರ್ 21ರ ಸಂಜೆ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಗುಡುಗು ಬಿರುಗಾಳಿ ಬಂತು. ಹುಲ್ಲು ಹೂಬಿಟ್ಟ ಕಾಲ. ಗಾಳಿಯಲ್ಲಿ ರೈ ಹುಲ್ಲಿನ ಪರಾಗ ತುಂಬಿತ್ತು. ಪರಾಗದ ಕಣ ತೇವ ಹೀರಿ ಒಡೆದರೆ ತೀರಾ ಸಣ್ಣ ಚೂರುಗಳಾಗುತ್ತದೆ. ಇಡೀ ಕಣ ಮೂಗಿನಲ್ಲೇ ನಿಲ್ಲುತ್ತದೆ, ಚೂರು ಎದೆಯ ಆಳಕ್ಕೆ ಹೋಗುತ್ತದೆ. ಕೆಲವೇ ಗಂಟೆಯಲ್ಲಿ ಸಾವಿರಾರು ಜನ ಉಸಿರಾಡಲಾಗದೆ ಆಸ್ಪತ್ರೆಗೆ ಓಡಿದರು. 10 ಜನ ಸತ್ತರು. ಗಮನಿಸಬೇಕಾದ್ದು, ಹೀಗೆ ಓಡಿದವರಲ್ಲಿ ಎಷ್ಟೋ ಜನರಿಗೆ ಅದಕ್ಕೆ ಮೊದಲು ಆಸ್ತಮಾ ಇದೆ ಅಂತ ಯಾರೂ ಹೇಳಿರಲಿಲ್ಲ. ಅವರಿಗಿದ್ದದ್ದು ಬರೀ ಮೂಗಿನ ಅಲರ್ಜಿ.

ಮೂಗು ಮತ್ತು ಶ್ವಾಸನಾಳ ಒಂದೇ ದಾರಿಯ ಎರಡು ತುದಿ. ಒಳಗೆ ಒಂದೇ ಬಗೆಯ ಹೊದಿಕೆ. ಆಸ್ತಮಾ ಇರುವವರಲ್ಲಿ ಹೆಚ್ಚಿನವರಿಗೆ ಮೂಗಿನ ತೊಂದರೆಯೂ ಇರುತ್ತದೆ. ಮೂಗು ಕಟ್ಟಿ ಬಾಯಲ್ಲಿ ಉಸಿರಾಡಿದರೆ ತಣ್ಣನೆಯ, ಸೋಸದ ಗಾಳಿ ನೇರ ಎದೆಗೆ. ಆದ್ದರಿಂದ ಪಂಪು ಸರಿಯಾಗಿ ಎಳೆದರೂ ಕೆಮ್ಮು ಹೋಗದಿದ್ದರೆ ಮೂಗನ್ನು ನೋಡಿ.

ಸೀನು, ತುರಿಕೆಗೆ ಅಲರ್ಜಿ ಮಾತ್ರೆ ಸಾಕು. ಹಳೆಯ ಕಾಲದವು ನಿದ್ದೆ ತರಿಸುತ್ತವೆ, ಹೊಸವು ಅಷ್ಟು ತರಿಸುವುದಿಲ್ಲ. ಆದರೆ ಮೂಗು ಕಟ್ಟುವುದಕ್ಕೆ ಒಳ್ಳೆಯ ಮದ್ದು ಸ್ಟೀರಾಯ್ಡ್ ಸ್ಪ್ರೇ. ಇದೂ ಎರಡು ವಾರ ದಿನಾ ಹಾಕಿದ ಮೇಲೆಯೇ ಪೂರ್ತಿ ಕೆಲಸ ತೋರಿಸುವುದು. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ ಹಾಕಿದರೆ ಮೂತಿ ತಾನಾಗಿ ಹೊರಗೋಡೆಯ ಕಡೆ ತಿರುಗುತ್ತದೆ. ನಡುವಿನ ಗೋಡೆಗೆ ಬಿದ್ದರೆ ರಕ್ತ ಬರುತ್ತದೆ. ಕಟ್ಟಿದ ಮೂಗನ್ನು ಕ್ಷಣದಲ್ಲಿ ತೆರೆಯುವ ಹನಿಗಳನ್ನು ಮಾತ್ರ ಕೆಲವು ದಿನ ಮೀರಿ ಹಾಕಬೇಡಿ. ಆಮೇಲೆ ಅವೇ ಮೂಗು ಕಟ್ಟಿಸುತ್ತವೆ.

ಮನೆಯೊಳಗಿನ ಕೆಲಸ, ಎಷ್ಟು ಬೇಕೋ ಅಷ್ಟು

ಧೂಳಿನ ಅಲರ್ಜಿ ಅಂದರೆ ಬಹುತೇಕ ಧೂಳಿನ ನುಸಿಯ ಅಲರ್ಜಿ. ಉದ್ದ ಸುಮಾರು 0.3 ಮಿಲಿಮೀಟರ್, ಬರಿಗಣ್ಣಿಗೆ ಕಾಣದು. ನಮ್ಮ ಚರ್ಮದಿಂದ ಉದುರುವ ಹೊಟ್ಟೇ ಅದರ ಊಟ. ಅದು ನೀರು ಕುಡಿಯುವುದಿಲ್ಲ, ಗಾಳಿಯಿಂದ ತೇವ ಹೀರುತ್ತದೆ. ಬೆಚ್ಚಗೆ, ತೇವವಾಗಿ, ಊಟ ಧಾರಾಳವಾಗಿ ಸಿಗುವ ಜಾಗ ಯಾವುದು? ಹಾಸಿಗೆ, ದಿಂಬು. ಅಲರ್ಜಿ ಆಗುವುದು ಮುಖ್ಯವಾಗಿ ಅದರ ಹಿಕ್ಕೆಗೆ. ರಾತ್ರಿಯೆಲ್ಲ ಮೂಗು ಅಲ್ಲೇ ಇಟ್ಟು ಮಲಗಿರುತ್ತೇವೆ.

ಆದ್ದರಿಂದ ಇಡೀ ಮನೆ ತಿಕ್ಕುವ ಬದಲು ಹಾಸಿಗೆಯ ಕಡೆ ಗಮನ ಕೊಡಿ. ಹೊದಿಕೆ, ದಿಂಬಿನ ಚೀಲ ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ತೊಳೆದರೆ ನುಸಿ ಸಾಯುತ್ತದೆ. ಮೃದು ಗೊಂಬೆಗಳನ್ನು ಚೀಲದಲ್ಲಿ ಕಟ್ಟಿ ಒಂದೆರಡು ದಿನ ಫ್ರೀಜರ್‌ನಲ್ಲಿಟ್ಟರೂ ಸಾಯುತ್ತದೆ. ಆದರೆ ಹಿಕ್ಕೆ ಉಳಿಯುತ್ತದೆ, ಆಮೇಲೆ ತೊಳೆಯಲೇಬೇಕು. ಮನೆಯೊಳಗಿನ ತೇವಾಂಶ ಶೇಕಡಾ 50ಕ್ಕಿಂತ ಕೆಳಗಿದ್ದರೆ ನುಸಿ ಒಣಗುತ್ತದೆ. ಒರೆಸುವುದು ಒದ್ದೆ ಬಟ್ಟೆಯಲ್ಲಿ. ಗುಡಿಸುವಾಗ ಅಲರ್ಜಿ ಇರುವವರು ಬೇರೆ ಕೋಣೆಯಲ್ಲಿರಲಿ. ದಿಂಬಿಗೆ ವಿಶೇಷ ಕವರ್ ಒಂದನ್ನು ಹಾಕಿ ಸುಮ್ಮನಾದರೆ ಹೆಚ್ಚು ಪ್ರಯೋಜನ ಇಲ್ಲ. ಹಲವು ಕೆಲಸ ಒಟ್ಟಿಗೆ ಮಾಡಿದರೆ ಸ್ವಲ್ಪ ಉಂಟು. ನುಸಿಗೆ ಅಲರ್ಜಿಯೇ ಇಲ್ಲದವರ ಮನೆಯಲ್ಲಿ ಇದಾವುದೂ ಬೇಡ.

ಬೆಕ್ಕಿನ ಅಲರ್ಜಿ ಕೂದಲಿಗಲ್ಲ. ಅದರ ಎಂಜಲು ಮತ್ತು ಚರ್ಮದ ಗ್ರಂಥಿಯಿಂದ ಬರುವ ಪ್ರೋಟೀನಿಗೆ. ಮೈ ನೆಕ್ಕಿ ಒಣಗಿದ ಎಂಜಲು ಗಾಳಿಯಲ್ಲಿ ತೇಲುತ್ತದೆ. ಬೆಕ್ಕು ಮನೆಬಿಟ್ಟು ಹೋದಮೇಲೂ ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗಾಗಿ ಎರಡು ವಾರ ಬೆಕ್ಕನ್ನು ಬೇರೆಡೆ ಬಿಟ್ಟು "ನೋಡು, ಏನೂ ವ್ಯತ್ಯಾಸ ಆಗಲಿಲ್ಲ" ಅನ್ನುವ ಪರೀಕ್ಷೆಗೆ ಅರ್ಥವಿಲ್ಲ.

ಇಷ್ಟೆಲ್ಲ ಹೇಳಿದಮೇಲೆ ಒಂದು ಮಾತು. ಆಸ್ತಮಾ ಕೆರಳಲು ಎಲ್ಲಕ್ಕಿಂತ ಸಾಮಾನ್ಯ ಕಾರಣ ಮಾಮೂಲಿ ನೆಗಡಿಯ ವೈರಸ್. ಅದನ್ನು ಗುಡಿಸಿ ಹಾಕಲಾಗುವುದಿಲ್ಲ. ಹೊಗೆಯನ್ನು ಮಾತ್ರ ಖಂಡಿತ ಹೊರಗಿಡಬಹುದು. ಬಾಲ್ಕನಿಯಲ್ಲಿ ಸಿಗರೇಟ್ ಸೇದಿ ಬಂದವರ ಬಟ್ಟೆ, ಉಸಿರಿನಲ್ಲೂ ಹೊಗೆಯ ಕಣ ಇರುತ್ತದೆ. ಇಲ್ಲಿ ಮುಲಾಜು ಬೇಡ.

ಕೆಲವರಿಗೆ ಆಸ್ಪಿರಿನ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆಯೂ ದಮ್ಮು ತರಿಸುತ್ತದೆ. ಬಿಪಿಗೆ ಕೊಡುವ ಬೀಟಾ ಬ್ಲಾಕರ್, ಗ್ಲಾಕೋಮಾಕ್ಕೆ ಹಾಕುವ ಅದೇ ಜಾತಿಯ ಕಣ್ಣಿನ ಹನಿ ಕೂಡ. ಕಣ್ಣಿನ ಡಾಕ್ಟರ್ ಹತ್ತಿರ ಹೋದರೂ ಆಸ್ತಮಾ ಇದೆ ಅಂತ ಹೇಳಲೇಬೇಕು ಅನ್ನುವುದು ಇದಕ್ಕೇ.

ಟೆಸ್ಟ್ ಪಾಸಿಟಿವ್, ಹಾಗಾದರೆ ಅಲರ್ಜಿಯಾ?

ಯಾವಾಗಲೂ ಅಲ್ಲ. ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆಯಲ್ಲಿ 15-20 ನಿಮಿಷದಲ್ಲಿ 3 ಮಿಲಿಮೀಟರ್ ಅಥವಾ ಹೆಚ್ಚು ಉಬ್ಬಿದರೆ ಪಾಸಿಟಿವ್ ಅನ್ನುತ್ತಾರೆ. ಅದರ ಅರ್ಥ, ಬಾಗಿಲಿಗೆ ಫೋಟೋ ಅಂಟಿದೆ. ಗಲಾಟೆ ಆಗುತ್ತದೆ ಅಂತಲ್ಲ. ದಿನಾ ಮೊಟ್ಟೆ ತಿಂದು ಏನೂ ಆಗದ ಮಗುವಿಗೆ ಮೊಟ್ಟೆ ಪಾಸಿಟಿವ್ ಬಂದರೆ ಮೊಟ್ಟೆ ನಿಲ್ಲಿಸುವುದು ತಪ್ಪು. ಕಾಗದಕ್ಕಿಂತ ಅನುಭವ ದೊಡ್ಡದು. ನೂರು ಆಹಾರಕ್ಕೆ ಐಜಿಜಿ ಅನ್ನುವ ಇನ್ನೊಂದು ಬಗೆಯ ಪ್ರತಿಕಾಯ ನೋಡಿ ಪಟ್ಟಿ ಕೊಡುವ ಪರೀಕ್ಷೆಗಳನ್ನು ನಂಬಬೇಡಿ. ಐಜಿಜಿ ಇದ್ದರೆ ಆ ಆಹಾರ ತಿಂದಿದ್ದೀರಿ ಅಂತ ಅರ್ಥ, ಅಷ್ಟೇ. ಅಂಥ ಪಟ್ಟಿ ಹಿಡಿದು ಬೆಳೆಯುವ ಮಕ್ಕಳ ತಟ್ಟೆ ಬರಿದು ಮಾಡಿದವರನ್ನು ಕಂಡಿದ್ದೇನೆ.

ಹಾಲು ಕುಡಿದರೆ ಹೊಟ್ಟೆ ಉಬ್ಬರವಾಗುವುದು ಲ್ಯಾಕ್ಟೋಸ್ ಅರಗದೆ ಇರುವುದರಿಂದ. ಅದಕ್ಕೂ ಅಲರ್ಜಿಗೂ ಸಂಬಂಧವಿಲ್ಲ. ಹಾಲಿನ ಅಲರ್ಜಿ ಇರುವವರಿಗೆ ಒಂದು ಚಮಚವೇ ಅಪಾಯ ತರಬಹುದು.

ಆಹಾರದ ವಿಷಯದಲ್ಲಿ ವೈದ್ಯರ ಸಲಹೆಯೇ ತಲೆಕೆಳಗಾದ ಘಟನೆಯೊಂದಿದೆ. ಅಲರ್ಜಿ ಬರಬಾರದು ಅಂದರೆ ಮಕ್ಕಳಿಗೆ ಕಡಲೆಕಾಯಿ ತಡವಾಗಿ ಕೊಡಿ ಅನ್ನುತ್ತಿದ್ದರು. ಲಂಡನ್ನಿನ ಗಿಡಿಯನ್ ಲ್ಯಾಕ್ ತಂಡ ಅಪಾಯ ಹೆಚ್ಚಿರುವ 640 ಎಳೆಗೂಸುಗಳನ್ನು ಆರಿಸಿ, ಅರ್ಧದಷ್ಟು ಮಕ್ಕಳಿಗೆ ಕಡಲೆಕಾಯಿ ಪದಾರ್ಥ ಕೊಡುತ್ತಾ ಹೋಯಿತು. ಉಳಿದವರಿಗೆ ಕೊಡಲಿಲ್ಲ. ಶುರುವಿನಲ್ಲಿ ಚರ್ಮ ಪರೀಕ್ಷೆ ನೆಗೆಟಿವ್ ಇದ್ದ ಮಕ್ಕಳಲ್ಲಿ, ಐದು ವರ್ಷದ ಹೊತ್ತಿಗೆ, ಕೊಡದವರಲ್ಲಿ ಶೇಕಡಾ 13.7 ಮಂದಿಗೆ ಅಲರ್ಜಿ ಬಂದಿತ್ತು. ತಿಂದವರಲ್ಲಿ ಶೇಕಡಾ 1.9. ಇದು 2015ರ ಮಾತು. ಜೋರು ಎಕ್ಸಿಮಾ ಅಥವಾ ಮೊಟ್ಟೆ ಅಲರ್ಜಿ ಇರುವ ಕೂಸಿಗೆ ಮಾತ್ರ ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು. ಇಡೀ ಕಾಳು ಪುಟ್ಟ ಮಕ್ಕಳಿಗೆ ಯಾವತ್ತೂ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ತಡ ಮಾಡಬಾರದ ಹೊತ್ತು

ಎರಡು ಸಂದರ್ಭ. ಒಂದು ಅನಾಫಿಲಾಕ್ಸಿಸ್, ಅಂದರೆ ಇಡೀ ಮೈ ಒಟ್ಟಿಗೆ ಕೆರಳುವ ಅಲರ್ಜಿ. ಏನೋ ತಿಂದ, ಕಣಜ ಕಚ್ಚಿದ ಅಥವಾ ಔಷಧಿ ತೆಗೆದುಕೊಂಡ ಕೆಲವೇ ನಿಮಿಷದಲ್ಲಿ ಗಂದೆ ಏಳುತ್ತದೆ. ಅದರ ಜೊತೆ ಉಸಿರು ಕಟ್ಟುವುದು, ದನಿ ಬದಲಾಗುವುದು, ಪದೇಪದೇ ವಾಂತಿ, ತಲೆ ಸುತ್ತಿ ಬೀಳುವುದು. ಗಂದೆ ಇಲ್ಲದೆಯೂ ಬರಬಹುದು. ಇದಕ್ಕೆ ಮದ್ದು ಅಡ್ರಿನಲಿನ್ ಇಂಜೆಕ್ಷನ್, ತೊಡೆಯ ಹೊರಬದಿಯ ನಡುವಿಗೆ. ಅಲರ್ಜಿ ಮಾತ್ರೆ ಕೊಟ್ಟು ಕಾಯುವುದು ಇಲ್ಲಿ ಜೀವಕ್ಕೆ ಅಪಾಯ. ಮಲಗಿಸಿ, ಕಾಲು ಎತ್ತರಿಸಿ. ಉಸಿರಾಟ ಕಷ್ಟವಾದರೆ ಕೂರಿಸಿ. ಎಬ್ಬಿಸಿ ನಡೆಸಬೇಡಿ. ಆಂಬುಲೆನ್ಸ್ ಕರೆಯಿರಿ. ಅಡ್ರಿನಲಿನ್ ಕೊಟ್ಟು ಸರಿಯಾದಮೇಲೂ ಆಸ್ಪತ್ರೆಗೆ ಹೋಗಬೇಕು. ಕೆಲವು ಗಂಟೆ ಬಿಟ್ಟು ಎರಡನೆಯ ಅಲೆ ಬರಬಹುದು.

ಇನ್ನೊಂದು ಜೋರು ದಮ್ಮು. ಒಂದು ವಾಕ್ಯ ಪೂರ್ತಿ ಹೇಳಲಾಗುತ್ತಿಲ್ಲ, ಪಕ್ಕೆಯ ನಡುವೆ ಚರ್ಮ ಒಳಗೆ ಎಳೆಯುತ್ತಿದೆ, ತುಟಿ ನೀಲಿಯಾಗುತ್ತಿದೆ, ಪಂಪಿಗೆ ಬಗ್ಗುತ್ತಿಲ್ಲ ಅಂದರೆ ಕಾಯಬೇಡಿ. ನೆಟ್ಟಗೆ ಕೂರಿಸಿ. ಸಾಲ್ಬುಟಮಾಲ್ ಅನ್ನು ಸ್ಪೇಸರ್ ಮೂಲಕ ಒಂದೊಂದಾಗಿ ಕೊಡುತ್ತಾ ಸಹಾಯ ಕರೆಯಿರಿ. ಸುಯ್ ಸದ್ದು ನಿಂತಿತು ಅಂತ ಸಮಾಧಾನಪಡಬೇಡಿ. ಸುಸ್ತಾದ ಮಗುವಿನ ಎದೆ ಸದ್ದಿಲ್ಲದೆ ಇದ್ದರೆ ಗಾಳಿಯೇ ಓಡಾಡುತ್ತಿಲ್ಲ ಅಂತ ಅರ್ಥ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ 26.2 ಕೋಟಿ ಜನರಿಗೆ ಆಸ್ತಮಾ ಇತ್ತು, 4,55,000 ಜನ ಅದರಿಂದ ಸತ್ತರು. ಹಗುರ ಆಸ್ತಮಾ ಅಂತ ಹೇಳಿಸಿಕೊಂಡವರಿಗೂ ಇಂಥ ಜೋರು ದಮ್ಮು ಬರಬಹುದು.

ಇದನ್ನೆಲ್ಲ ಆ ಗಾಬರಿಯಲ್ಲಿ ನೆನಪಿಸಿಕೊಳ್ಳಲಾಗುವುದಿಲ್ಲ. ಡಾಕ್ಟರ್ ಹತ್ತಿರ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಸರಿ ಇರುವಾಗ ಏನು, ಕೆಡುತ್ತಿರುವಾಗ ಏನು, ಅಪಾಯದಲ್ಲಿ ಏನು, ಎಷ್ಟು ಸಲ, ಯಾರಿಗೆ ಫೋನ್. ಫ್ರಿಜ್ ಬಾಗಿಲಿಗೆ ಒಂದು, ಶಾಲೆಗೆ ಒಂದು, ಮಗುವನ್ನು ನೋಡಿಕೊಳ್ಳುವ ಪ್ರತಿಯೊಬ್ಬರ ಫೋನಿನಲ್ಲಿ ಒಂದು.

ನಾಲ್ಕು ಪ್ರಶ್ನೆ

ಹತೋಟಿಯಲ್ಲಿದೆಯೋ ಇಲ್ಲವೋ ತಿಳಿಯುವುದು ಸುಲಭ. ಕಳೆದ ನಾಲ್ಕು ವಾರದಲ್ಲಿ, ಹಗಲಲ್ಲಿ ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ತೊಂದರೆ ಬಂತಾ? ರಾತ್ರಿ ಒಮ್ಮೆಯಾದರೂ ಕೆಮ್ಮಿ ಎದ್ದಿರಾ? ದಮ್ಮಿನ ಪಂಪು ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಬೇಕಾಯಿತಾ? ಆಟ, ಓಡಾಟ ಯಾವುದಾದರೂ ಬಿಟ್ಟಿರಾ? ಒಂದಕ್ಕೆ ಹೌದು ಅಂದರೂ ಡಾಕ್ಟರನ್ನು ಕಾಣುವ ಹೊತ್ತಾಗಿದೆ. ಇದು ದೊಡ್ಡವರಿಗೂ ಆರು ದಾಟಿದ ಮಕ್ಕಳಿಗೂ. ಚಿಕ್ಕವರಿಗೆ ಪ್ರಶ್ನೆ ಇವೇ, ಲೆಕ್ಕ ಇನ್ನೂ ಬಿಗಿ.

ಕೊನೆಯ ಪ್ರಶ್ನೆಯಲ್ಲಿ ಎಲ್ಲರೂ ಸುಳ್ಳು ಹೇಳುತ್ತಾರೆ, ಗೊತ್ತಿಲ್ಲದೆ. ಮಗು ಓಡುವುದಿಲ್ಲ, ಆದ್ದರಿಂದ ಅದಕ್ಕೆ ಏದುಸಿರಿಲ್ಲ. "ಅವನಿಗೆ ಆಟ ಇಷ್ಟವಿಲ್ಲ" ಅನ್ನುತ್ತೇವೆ. ಆಟ ಬಿಡಿಸುವುದು ಚಿಕಿತ್ಸೆಯಲ್ಲ. ಅಮೆರಿಕದ ಅಥ್ಲೀಟ್ ಜಾಕಿ ಜಾಯ್ನರ್-ಕರ್ಸಿಗೆ ಆಸ್ತಮಾ ಇತ್ತು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಅವರು ಏಳು ಸ್ಪರ್ಧೆ ಸೇರಿದ ಹೆಪ್ಟಾಥ್ಲಾನ್‌ನಲ್ಲಿ 7,291 ಅಂಕದ ವಿಶ್ವದಾಖಲೆ ಮಾಡಿದರು. ದಶಕಗಳು ಕಳೆದರೂ ಅದನ್ನು ಯಾರೂ ಮುರಿಯಲಿಲ್ಲ. ಅವರು ಕೂಡ ಔಷಧಿಯನ್ನು ಗಂಭೀರವಾಗಿ ತೆಗೆದುಕೊಳ್ಳಲು ಕಲಿತದ್ದು ಕಷ್ಟಪಟ್ಟೇ.

ಕೊನೆಗೆ ಡ್ರಾಯರ್‌ಗೇ ಬರುತ್ತೇನೆ. ಎಣಿಕೆ ತೋರಿಸದ ಪಂಪುಗಳಲ್ಲಿ ಔಷಧಿ ಮುಗಿದಮೇಲೂ ಪುಸ್ ಅಂತ ಬರೀ ಅನಿಲ ಬರುತ್ತಲೇ ಇರುತ್ತದೆ. ಅಲುಗಿಸಿ ನೋಡಿದರೆ ಗೊತ್ತಾಗುವುದಿಲ್ಲ. ಲೆಕ್ಕ ಇಡಬೇಕು. 200 ಡೋಸಿನ ಪಂಪು, ಬೆಳಗ್ಗೆ ಎರಡು ಸಂಜೆ ಎರಡು ಅಂದರೆ 50 ದಿನ. ತೆರೆದ ದಿನವೇ ಮುಗಿಯುವ ತಾರೀಖನ್ನು ಪೆನ್ನಿನಲ್ಲಿ ಅದರ ಮೇಲೆ ಬರೆಯುತ್ತೇವೆ. ಮೊನ್ನೆ ಡ್ರಾಯರ್ ಸ್ವಚ್ಛ ಮಾಡುವಾಗ ದಮ್ಮಿನ ಪಂಪೊಂದು ಸಿಕ್ಕಿತು. ಅರ್ಧಕ್ಕೂ ಹೆಚ್ಚು ಉಳಿದಿತ್ತು. ಅವಧಿ ಮುಗಿದಿತ್ತು. ಬಿಸಾಕಿ ಹೊಸದು ತಂದಿಟ್ಟೆವು.